ಟೋಟಲ್ ಲಾಸ್ ಕಾರು: ಉಳಿತಾಯ ಎಲ್ಲಿಂದ ಬಂತು?

ಕಳೆದ ತಿಂಗಳು ಒಂದು ಶುಕ್ರವಾರ. ರಾತ್ರಿ ಹನ್ನೊಂದೂವರೆಗೆ ರಿಲೀಸ್ ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲಿ ಫೋನ್ ಸದ್ದು ಮಾಡ್ತು. ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳೆಯನ ಮೆಸೇಜು. ಒಂದು ಕೆಂಪು ಕಾರಿನ ನಾಲ್ಕು ಫೋಟೊ, ಕೆಳಗೆ ಒಂದೇ ಸಾಲು: "ಮಗಾ, 4.2ಕ್ಕೆ ಕೊಡ್ತಾರಂತೆ. ತಗಳ್ಳವಾ?"

ಆ ಕಾರಿನ ಹೆಸರು ಹೇಳಲ್ಲ. ಹೇಳಿದರೆ ಅದರ ಅಭಿಮಾನಿಗಳು ನನ್ನ ಮೇಲೆ ಬೀಳ್ತಾರೆ, ಮೇಲಾಗಿ ತಪ್ಪು ಕಾರಿನದ್ದೂ ಅಲ್ಲ. ಟರ್ಬೊ ಎಂಜಿನ್, ನೆಲಕ್ಕೆ ಅಂಟಿಕೊಂಡ ಹಾಗೆ ಓಡೋ ಗಾಡಿ. ಎರಡು ಬಾಗಿಲಿನ ನಿಜವಾದ ಸ್ಪೋರ್ಟ್ಸ್ ಕಾರು ಕೋಟಿ ಲೆಕ್ಕದಲ್ಲಿ ಇರೋದ್ರಿಂದ, ನಮ್ಮಂಥ ಸಂಬಳದವರ ಪಾಲಿಗೆ ಇದೇ ಸ್ಪೋರ್ಟ್ಸ್ ಕಾರು. ಕಾಲೇಜಲ್ಲಿದ್ದಾಗ ನನ್ನ ಹಾಸ್ಟೆಲ್ ರೂಮಿನ ಗೋಡೆ ಮೇಲೆ ಇದ್ದದ್ದು ಇದರ ಫೋಟೊನೇ. ಅದೇ ವರ್ಷದ, ಚೆನ್ನಾಗಿರೋ ಸೆಕೆಂಡ್ ಹ್ಯಾಂಡ್ ಗಾಡಿಗೆ ಈಗ ಹತ್ತಿರ ಹತ್ತಿರ 11 ಲಕ್ಷ. ಇದು 4.2 ಲಕ್ಷ. ಯಾಕಿಷ್ಟು ಅಗ್ಗ? ಯಾಕಂದ್ರೆ ಇದು ಆಕ್ಸಿಡೆಂಟ್ ಆಗಿ, ಇನ್ಶೂರೆನ್ಸ್ ಕಂಪನಿಯವರು "ಟೋಟಲ್ ಲಾಸ್" ಅಂತ ಬರೆದುಕೊಟ್ಟ ಗಾಡಿ. ಹರಾಜಿನಲ್ಲಿ ಒಬ್ಬ ಡೀಲರ್ ಎತ್ತಿಕೊಂಡು ಅರ್ಧ ರಿಪೇರಿ ಮಾಡಿಸಿ ಇಟ್ಟಿದ್ದ.

ನನ್ನ ಉಳಿತಾಯದ ಖಾತೆಯಲ್ಲಿ ಆರು ಲಕ್ಷ ಇತ್ತು. ಅಪ್ಪನಿಗೆ ಕಬ್ಬಿನ ಗದ್ದೆಗೆ ಡ್ರಿಪ್ ಹಾಕಿಸ್ತೀನಿ ಅಂತ ಮಾತು ಕೊಟ್ಟಿದ್ದೆ, ಅದರಲ್ಲಿ ಒಂದು ಪಾಲು ಆ ದುಡ್ಡು. ಉಳಿದದ್ದು ಕಾರಿಗೆ ಅಂತಲೇ ಎತ್ತಿಟ್ಟದ್ದು. ಈ ಅಂಕಣದಲ್ಲಿ ಇಎಂಐ ಬಗ್ಗೆ ನಿಮಗೆಲ್ಲ ಉಪದೇಶ ಮಾಡಿದವನು ನಾನು. ಆದರೂ ಅವತ್ತು ರಾತ್ರಿ ಎರಡು ಗಂಟೆವರೆಗೆ ಎಕ್ಸೆಲ್ ಶೀಟ್ ತೆರೆದು ಕೂತಿದ್ದೆ. 4.2 ಲಕ್ಷಕ್ಕೆ ಕಾರು, 3 ಲಕ್ಷ ರಿಪೇರಿ, ಒಟ್ಟು 7.2. ಉಳಿತಾಯ 3.8 ಲಕ್ಷ. ಡ್ರಿಪ್ಪೂ ಆಯ್ತು, ಕಾರೂ ಆಯ್ತು ಅಂದುಕೊಂಡು ಮಲಗಿದೆ.

ಟೋಟಲ್ ಲಾಸ್ ಅನ್ನೋದು ಲೆಕ್ಕ, ರೋಗವಲ್ಲ

ಮೊದಲು ಈ ಪದದ ಅರ್ಥ ನೋಡೋಣ. "ಟೋಟಲ್ ಲಾಸ್" ಅಂದ ತಕ್ಷಣ ಗಾಡಿ ಪುಡಿಪುಡಿ ಆಗಿದೆ ಅಂತ ನಾವು ಅಂದ್ಕೋತೀವಿ. ಹಾಗೇನಿಲ್ಲ. ನಿಮ್ಮ ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಮೊತ್ತ ಇರುತ್ತಲ್ಲ, ಅದು ಆ ದಿನಕ್ಕೆ ನಿಮ್ಮ ಗಾಡಿಗೆ ಕಂಪನಿ ಒಪ್ಪಿಕೊಂಡ ಬೆಲೆ. ವರ್ಷ ಕಳೆದ ಹಾಗೆ ಅದು ಇಳಿಯುತ್ತೆ. ಒಂದು ವರ್ಷ ದಾಟಿದರೆ 20 ಶೇಕಡಾ ಕಳೀತಾರೆ, ನಾಲ್ಕು ವರ್ಷ ದಾಟಿದರೆ 50 ಶೇಕಡಾ. ಐದು ವರ್ಷ ಆದಮೇಲೆ ಕಂಪನಿಯೂ ನೀವೂ ಮಾತಾಡಿ ಒಪ್ಪಿಕೊಂಡ ಬೆಲೆ. ರಿಪೇರಿ ಖರ್ಚು ಈ ಐಡಿವಿಯ 75 ಶೇಕಡಾ ದಾಟಿದರೆ ಗಾಡಿ ಟೋಟಲ್ ಲಾಸ್. ಇಷ್ಟೇ ಸೂತ್ರ.

ಇದರ ಅರ್ಥ ಏನು? ಗಾಡಿ ಹಳೆಯದಾದಷ್ಟೂ ಅದನ್ನು "ಸಾಯಿಸೋಕೆ" ಸಣ್ಣ ಏಟು ಸಾಕು. ಮದ್ದೂರಿನಲ್ಲಿ ನಮ್ಮ ಪರಿಚಯದವರೊಬ್ಬರ ಒಂಬತ್ತು ವರ್ಷದ ಹ್ಯಾಚ್‌ಬ್ಯಾಕ್ ಇತ್ತು. ಮನೆ ಮುಂದೆ ನಿಲ್ಲಿಸಿದ್ದಾಗ ಬಸ್ಸೊಂದು ಬದಿಗೆ ಉಜ್ಜಿಕೊಂಡು ಹೋಯ್ತು. ಎರಡು ಡೋರು, ಫೆಂಡರು, ಕನ್ನಡಿ ಹೋದವು. ಐಡಿವಿ 2.6 ಲಕ್ಷ. ಸರ್ವಿಸ್ ಸೆಂಟರಿನವರು ಎಲ್ಲ ಹೊಸ ಸಾಮಾನು ಹಾಕೋ ಲೆಕ್ಕದಲ್ಲಿ 2.1 ಲಕ್ಷ ಎಸ್ಟಿಮೇಟ್ ಕೊಟ್ಟರು. 75 ಶೇಕಡಾ ಅಂದ್ರೆ 1.95 ಲಕ್ಷ. ದಾಟಿತು, ಟೋಟಲ್ ಲಾಸ್! ಎಂಜಿನ್‌ಗೆ ಒಂದು ಗೀರೂ ಬಿದ್ದಿರಲಿಲ್ಲ. ಅವರು ಬುದ್ಧಿವಂತರು. ಸಾಲ್ವೇಜ್ ಬೆಲೆ ಮುರಿದುಕೊಂಡು ಬಾಕಿ ಹಣ ಕೊಡಿ, ಗಾಡಿ ನಾನೇ ಇಟ್ಕೋತೀನಿ ಅಂದರು. ಮದ್ದೂರಿನಲ್ಲೇ 70 ಸಾವಿರಕ್ಕೆ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದರು. ಇವತ್ತಿಗೂ ಅದೇ ಕಾರಿನಲ್ಲಿ ಮಂಡ್ಯಕ್ಕೆ ಓಡಾಡ್ತಾರೆ.

ನನ್ನ ಗೆಳೆಯ ಇದನ್ನೇ ಉದಾಹರಣೆ ಕೊಟ್ಟಿದ್ದು. "ನೋಡ್ಲಾ, ಅವ್ರು ಮಾಡ್ಲಿಲ್ವಾ?" ಅಂತ. ಆದರೆ ಆ ಕಾರಿಗೂ ನಮ್ಮ ಕೆಂಪು ಕಾರಿಗೂ ಒಂದು ದೊಡ್ಡ ವ್ಯತ್ಯಾಸ ಇತ್ತು. ಅದು ನನಗೆ ಆಗ ಹೊಳೆಯಲಿಲ್ಲ.

ಕಾಗದದ ಮೇಲೆ ಕಲೆ ಇಲ್ಲ

ಅಮೆರಿಕದಲ್ಲಿ ಈ ಥರದ ಗಾಡಿಯ ಮಾಲೀಕತ್ವದ ಪತ್ರದ ಮೇಲೇ "ಸಾಲ್ವೇಜ್" ಅಂತ ಮುದ್ರೆ ಬೀಳುತ್ತೆ. ರಿಪೇರಿ ಮಾಡಿ, ಆ ರಾಜ್ಯದ ನಿಯಮದ ಪ್ರಕಾರ ಪರೀಕ್ಷೆ ಮಾಡಿಸಿದ ಮೇಲೆ "ರೀಬಿಲ್ಟ್" ಅಂತ ಇನ್ನೊಂದು ಮುದ್ರೆ. ಆಮೇಲೆ ಯಾರು ಕೊಂಡರೂ ಗೊತ್ತಾಗುತ್ತೆ. ಬೆಲೆಯೂ ಅದಕ್ಕೆ ತಕ್ಕ ಹಾಗೆ ಕಮ್ಮಿ.

ನಮ್ಮ ಆರ್‌ಸಿಯಲ್ಲಿ ಅಂಥ ಮುದ್ರೆ ಇಲ್ಲ. ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಏನು ಹೇಳುತ್ತೆ ಅಂದ್ರೆ, ಗಾಡಿ ನಾಶವಾಗಿದ್ದರೆ ಅಥವಾ ಇನ್ನೆಂದೂ ಬಳಸಲಾಗದ ಸ್ಥಿತಿಯಲ್ಲಿದ್ದರೆ ಮಾಲೀಕ 14 ದಿನದಲ್ಲಿ, ಇಲ್ಲವೇ ಆದಷ್ಟು ಬೇಗ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಆದರೆ ರಿಪೇರಿ ಆಗಬಹುದಾದ ಗಾಡಿ ಆರ್‌ಸಿ ಸಮೇತ ಹರಾಜಿಗೆ ಹೋಗುತ್ತೆ. ರಿಪೇರಿ ಆಗಿ, ಪಾಲಿಶ್ ಹೊಡೆಸಿಕೊಂಡು ರಸ್ತೆಗೆ ಬಂದಾಗ ಅದರ ಕಾಗದ ನಿಮ್ಮ ಪಕ್ಕದ ಮನೆಯವರ ಕಾರಿನ ಕಾಗದದಷ್ಟೇ ಶುದ್ಧ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಸಿಸ್ಟಮ್ ಕ್ರ್ಯಾಶ್ ಆಗಿದೆ, ಆದರೆ ಲಾಗ್ ಯಾರೋ ಅಳಿಸಿದ್ದಾರೆ.

ಇದರಿಂದ ಇನ್ನೊಂದು ಕೆಟ್ಟ ದಂಧೆಯೂ ಹುಟ್ಟಿಕೊಂಡಿದೆ. ಟೋಟಲ್ ಲಾಸ್ ಗಾಡಿಯನ್ನು ಅದರ ಕಾಗದಕ್ಕೋಸ್ಕರವೇ ಕೊಳ್ಳೋರಿದ್ದಾರೆ. ಅದೇ ಮಾಡೆಲ್ಲಿನ, ಅದೇ ಬಣ್ಣದ ಕದ್ದ ಗಾಡಿ ತಂದು ಈ ಚಾಸಿಸ್ ನಂಬರ್ ಅದರ ಮೇಲೆ ಕೂರಿಸ್ತಾರೆ. ನೀವು ಕೊಂಡದ್ದು ರಿಪೇರಿ ಆದ ಕಾರು ಅಂದುಕೊಂಡಿರ್ತೀರಿ, ಪೊಲೀಸರು ಬಂದಾಗ ಅದು ಕಳ್ಳಮಾಲು.

ಮಾವನ ವರ್ಕ್‌ಶಾಪ್

ಶನಿವಾರ ಬೆಳಗ್ಗೆ ಡೀಲರ್ ಒಪ್ಪಿದ ಮೇಲೆ ಕಾರನ್ನ ಮದ್ದೂರಿಗೇ ತರಿಸಿದೆವು. ಹಳೇ ಬೆಂಗಳೂರು–ಮೈಸೂರು ರಸ್ತೆ ಪಕ್ಕ ನಮ್ಮವರದೇ ಒಂದು ವರ್ಕ್‌ಶಾಪ್ ಇದೆ. ಅವರು ಅವ್ವನ ಕಡೆ ದೂರದ ಸಂಬಂಧ, ನಾನು ಮಾವ ಅಂತೀನಿ. ಮೂವತ್ತು ವರ್ಷದಿಂದ ಇದೇ ಕೆಲಸ. ಎಕ್ಸ್‌ಪ್ರೆಸ್‌ವೇ ಬಂದಮೇಲೆ ಹೋಗಿಬರೋ ಗಾಡಿಗಳು ಅವರ ಬಾಗಿಲ ಮುಂದೆ ನಿಲ್ಲೋದು ಕಮ್ಮಿಯಾಗಿದೆ. ಈಗ ಟೋಯಿಂಗ್ ಗಾಡಿ ಮೇಲೆ ಬರೋ ಕಾರುಗಳೇ ಜಾಸ್ತಿ.

ಕಾರು ಸ್ಟಾರ್ಟ್ ಆಯ್ತು. ಸದ್ದು ಕೇಳಿ ನನ್ನ ಎದೆ ಹಾಡ್ತು. ಮೀಟರಿನಲ್ಲಿ ಎಲ್ಲ ದೀಪ ಹತ್ತಿ, ಒಂದೊಂದಾಗಿ ಆರಿದವು. ಏರ್‌ಬ್ಯಾಗ್ ದೀಪವೂ ಹತ್ತಿ ಆರಿತು. ಡೀಲರ್ ಕಡೆಯ ಹುಡುಗ, "ನೋಡಿ ಸಾರ್, ಏರ್‌ಬ್ಯಾಗೆಲ್ಲ ಓಕೆ. ಬರೀ ಬಂಪರ್ ಏಟು" ಅಂದ. ನಾನು ಜೇಬಿನಿಂದ ಸ್ಕ್ಯಾನರ್ ತೆಗೆದು ಜೋಡಿಸಿದೆ. ಫೋನಿನಲ್ಲಿ ಒಂದು ಕೋಡೂ ಬರಲಿಲ್ಲ. ಎಲ್ಲ ಹಸಿರು. ಗೆದ್ದವನ ಹಾಗೆ ಮಾವನ ಮುಖ ನೋಡಿದೆ.

ಮಾವ ಏನೂ ಮಾತಾಡಲಿಲ್ಲ. ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಚಾಸಿಸ್ ಮುಂದಿನ ತುದಿ ಸವರಿದರು. ಬೆರಳಿಗೆ ಸೀಲೆಂಟ್ ಅಂಟಿತು, ಇನ್ನೂ ಪೂರ್ತಿ ಒಣಗಿರಲಿಲ್ಲ. ಬಲಗಡೆ ಏಪ್ರನ್ ಮೇಲೆ ಕಂಪನಿಯ ಸ್ಪಾಟ್ ವೆಲ್ಡಿನ ಚುಕ್ಕೆಗಳು ಸಾಲಾಗಿದ್ದವು. ಎಡಗಡೆ ಅವು ಇರಲಿಲ್ಲ, ಉಜ್ಜಿ ಪೇಂಟ್ ಹೊಡೆದ ಗೆರೆ ಇತ್ತು.

"ಇದು ಬಂಪರ್ ಏಟಾ?" ಅಂದರು. ಹುಡುಗ ಬೇರೆ ಕಡೆ ನೋಡಿದ.

ಆಮೇಲೆ ಬ್ಯಾಟರಿ ಟರ್ಮಿನಲ್ ಬಿಚ್ಚಿ ಹತ್ತು ನಿಮಿಷ ಕಾದು, ಸ್ಟೀರಿಂಗ್ ನಡುವಿನ ಕವರ್ ಕಿತ್ತರು. ಒಳಗೆ ಬ್ಯಾಗ್ ಇರಲಿಲ್ಲ. ಖಾಲಿ. ಬ್ಯಾಗಿಗೆ ಹೋಗಬೇಕಾದ ವೈರಿನ ತುದಿಯಲ್ಲಿ ಒಂದು ಸಣ್ಣ ರೆಸಿಸ್ಟರ್, ಟೇಪು ಸುತ್ತಿತ್ತು.

ನಾನು ಎಂಜಿನಿಯರಿಂಗ್ ಓದಿದವನು, ಅದೇನು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ಟು ಬ್ಯಾಗ್ ಇದೆಯಾ ಅಂತ ಕಣ್ಣಲ್ಲಿ ನೋಡಲ್ಲ. ಆ ವೈರಿನಲ್ಲಿ ಎರಡು-ಮೂರು ಓಮ್ ರೆಸಿಸ್ಟೆನ್ಸ್ ಇದೆಯಾ ಅಂತ ಮಾತ್ರ ಅಳೆಯುತ್ತೆ. ಇದ್ದರೆ ಎಲ್ಲ ಸರಿ ಅಂತ ದೀಪ ಆರಿಸುತ್ತೆ. ಕೆಲವೇ ರೂಪಾಯಿಯ ರೆಸಿಸ್ಟರ್ ಹಾಕಿದರೆ ಯೂನಿಟ್ಟಿಗೆ ಬ್ಯಾಗ್ ಇದ್ದ ಹಾಗೇ ಕಾಣುತ್ತೆ. ಟೆಸ್ಟ್ ಫೇಲ್ ಆಗ್ತಿದೆ ಅಂತ ಟೆಸ್ಟಿನೊಳಗೇ "ಪಾಸ್" ಅಂತ ಬರೆದು ಮನೆಗೆ ಹೋಗೋರಿದ್ದಾರಲ್ಲ, ಅದೇ ಕೆಲಸ. ನನ್ನ ಸ್ಕ್ಯಾನರ್ರೂ ಆ ಯೂನಿಟ್ಟನ್ನೇ ಕೇಳಿತ್ತು, ಅದೂ ನಂಬಿತ್ತು.

ಮಾವ ಪ್ಯಾಸೆಂಜರ್ ಕಡೆ ತೋರಿಸಿದರು. ಡ್ಯಾಶ್‌ಬೋರ್ಡ್ ಹೊಸದಾಗಿ ಹೊಳೀತಿತ್ತು, ಅದರ ಹಿಂದೆಯೂ ಅದೇ ಕಥೆ. ಎರಡೂ ಸೀಟ್ ಬೆಲ್ಟಿನ ಪ್ರಿಟೆನ್ಷನರ್ ಸಿಡಿದು ಹೋಗಿತ್ತು. ಅದರೊಳಗೂ ಏರ್‌ಬ್ಯಾಗಿನ ಹಾಗೆ ಸಣ್ಣ ಮದ್ದು ಇರುತ್ತೆ. ಡಿಕ್ಕಿ ಆದಾಗ ಸಿಡಿದು ಬೆಲ್ಟನ್ನು ಬಿಗಿಯಾಗಿ ಎಳೆಯುತ್ತೆ, ಒಂದೇ ಸಲ. ಆಮೇಲೆ ಹೊಸದೇ ಹಾಕಬೇಕು.

"ಈ ಸೀಟಲ್ಲಿ ಯಾರ್ಲಾ ಕೂತ್ಕಳದು?" ಅಂತ ಕೇಳಿದರು ಮಾವ.

"ಅವ್ವ," ಅಂದೆ.

ಮಾವ ಕವರನ್ನು ನನ್ನ ಕೈಗೆ ಕೊಟ್ಟು ಟೀ ತರಿಸೋಕೆ ಹೋದರು.

ತಿಂಗಳಿಗೆರಡು ಸಲ ಅವ್ವನ್ನ ಮಳವಳ್ಳಿಯಿಂದ ಮಂಡ್ಯಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗ್ತೀನಿ. ಅವ್ವ ಮುಂದಿನ ಸೀಟಲ್ಲೇ ಕೂರೋದು. ಹಿಂದೆ ಕೂತರೆ ವಾಂತಿ ಬರುತ್ತೆ ಅಂತಾಳೆ. ಬೆಲ್ಟ್ ಹಾಕಿಕೊಳ್ಳೋಕೆ ಕಲಿಸಿದ್ದೇ ನಾನು. "ಇದು ಹಾಕ್ಕಂಡ್ರೆ ಏನೂ ಆಗಕಿಲ್ಲ ಅವ್ವ" ಅಂತ ಹೇಳಿದ್ದೂ ನಾನೇ.

ನನ್ನ ಶೀಟ್, ಎರಡನೇ ಆವೃತ್ತಿ

ಟೀ ಕುಡೀತಾ ಮಾವನ ಪಕ್ಕ ಕೂತು ಲೆಕ್ಕ ಮತ್ತೆ ಬರೆದೆ. ಈ ಸಲ ಬಿಟ್ಟುಹೋದದ್ದನ್ನೆಲ್ಲ ಸೇರಿಸಿ. ಇವು ಈ ಒಂದು ಗಾಡಿಗೆ ನಾವಿಬ್ಬರು ಹಾಕಿದ ಅಂದಾಜು, ನಿಮ್ಮ ಗಾಡಿಗೆ ಬೇರೆ ಇರಬಹುದು.

ಕಾರು 4.2 ಲಕ್ಷ. ಚಾಸಿಸ್ಸನ್ನು ಜಿಗ್ ಮೇಲೆ ಕೂರಿಸಿ ಅಳತೆಗೆ ಎಳೆಯೋದು, ಬಾಡಿ ಕೆಲಸ, ಪೇಂಟ್ 1.1 ಲಕ್ಷ. ಹೆಡ್‌ಲೈಟು, ಬಾನೆಟ್ಟು, ರೇಡಿಯೇಟರು, ಎಸಿ ಕಂಡೆನ್ಸರು 1.5 ಲಕ್ಷ. ಎರಡು ಏರ್‌ಬ್ಯಾಗು, ಕಂಟ್ರೋಲ್ ಯೂನಿಟ್ಟು, ಎರಡು ಬೆಲ್ಟು, ಬ್ಯಾಗ್ ಹರಿದು ಬರುವಂಥ ಸರಿಯಾದ ಡ್ಯಾಶ್‌ಬೋರ್ಡು ಎಲ್ಲ ಹೊಸದಾಗಿ 1.8 ಲಕ್ಷ. ಸಸ್ಪೆನ್ಷನ್, ಸ್ಟೀರಿಂಗ್ ಕಡೆ 70 ಸಾವಿರ. ಟರ್ಬೊ ಪೈಪು, ಇಂಟರ್‌ಕೂಲರು, ವೈರಿಂಗ್, ಸೆನ್ಸರು 50 ಸಾವಿರ. ಟೋಯಿಂಗ್, ವರ್ಗಾವಣೆ, ಇನ್ಶೂರೆನ್ಸ್ 40 ಸಾವಿರ. ಒಟ್ಟು 10.2 ಲಕ್ಷ.

"ಬಿಚ್ಚಿದ್ ಮೇಲೆ ಇನ್ನೂ ಏನಾರಾ ಸಿಕ್ಕೇ ಸಿಗ್ತದೆ. ಅದ್ಕೆ ಐದಕ್ಕೊಂದು ಪಾಲು ಇಟ್ಕೊ," ಅಂದರು ಮಾವ. ರಿಪೇರಿ ಖರ್ಚು 5.6 ಲಕ್ಷದ ಐದನೇ ಒಂದು ಪಾಲು ಅಂದ್ರೆ ಇನ್ನೊಂದು 1.1 ಲಕ್ಷ. ಈಗ ಒಟ್ಟು 11.3 ಲಕ್ಷ. ಏಟೇ ಬೀಳದ ಕಾರು 11 ಲಕ್ಷಕ್ಕೆ ಸಿಗ್ತಿತ್ತು!

ಹಾಗಾದ್ರೆ ನನ್ನ ಮೊದಲ ಶೀಟಿನ 3.8 ಲಕ್ಷ ಉಳಿತಾಯ ಎಲ್ಲಿಂದ ಬಂದಿತ್ತು? ಬೇರೆಲ್ಲಿಂದಲೂ ಅಲ್ಲ. ಹಾಕದೇ ಬಿಟ್ಟ ಸಾಮಾನಿನಿಂದ ಬಂದಿತ್ತು. ಏರ್‌ಬ್ಯಾಗ್ ಇಲ್ಲ, ಬೆಲ್ಟ್ ಇಲ್ಲ, ಚಾಸಿಸ್ ಅಳತೆಗೆ ಬಂದಿಲ್ಲ, ಅದಕ್ಕೇ ಅಗ್ಗ. ಅಗ್ಗಕ್ಕೆ ಮಾರುವವನು ಜಾದೂ ಮಾಡಲ್ಲ. ಕಣ್ಣಿಗೆ ಕಾಣೋದನ್ನ ರಿಪೇರಿ ಮಾಡ್ತಾನೆ, ಕಾಣದ್ದನ್ನ ಬಿಡ್ತಾನೆ.

ಮಾರೋ ಹೊತ್ತಿನ ಲೆಕ್ಕ ಇನ್ನೊಂದಿದೆ. ಸತ್ಯ ಹೇಳಿ ಮಾರಿದರೆ ನನಗೆ ಏಳು ಲಕ್ಷ ಸಿಕ್ಕರೂ ಪುಣ್ಯ. ಸುಳ್ಳು ಹೇಳಿದರೆ ಹತ್ತೂವರೆ ಸಿಗಬಹುದು. ಅಂದ್ರೆ ಈ ವ್ಯಾಪಾರದಲ್ಲಿ ನಷ್ಟ ಇಲ್ಲದೆ ಹೊರಗೆ ಬರಬೇಕು ಅಂದರೆ, ಮುಂದೊಂದು ದಿನ ಇನ್ನೊಬ್ಬರ ಅವ್ವನ್ನ ಆ ಸೀಟಿನಲ್ಲಿ ಕೂರಿಸಬೇಕು.

ಲೋಹಕ್ಕೂ ನೆನಪಿದೆ, ನೀರಿಗೂ ಇದೆ

ಬರೀ ಏರ್‌ಬ್ಯಾಗ್ ಹಾಕಿಸಿದರೆ ಸಾಕಾ? ಅದೂ ಇಲ್ಲ. ಕಾರಿನ ಮುಂಭಾಗ ಇರೋದೇ ಡಿಕ್ಕಿಯಲ್ಲಿ ಮಡಚಿಕೊಂಡು ಏಟು ತಿನ್ನೋಕೆ. ಎಲ್ಲಿ ಮಡಚಬೇಕು, ಎಷ್ಟು ಮಡಚಬೇಕು ಅಂತ ಲೆಕ್ಕ ಹಾಕಿ ಮಾಡಿರ್ತಾರೆ. ಏರ್‌ಬ್ಯಾಗ್ ಕಣ್ಣು ಮಿಟುಕಿಸೋಕಿಂತ ಬೇಗ ತೆರೆದುಕೊಳ್ಳುತ್ತೆ. ಯಾವಾಗ ತೆರೆಯಬೇಕು ಅನ್ನೋದೂ ಆ ಮಡಚುವ ಲೆಕ್ಕದ ಮೇಲೇ ನಿಂತಿರುತ್ತೆ. ಒಮ್ಮೆ ಮಡಚಿದ ತಗಡನ್ನು ಗ್ಯಾಸ್ ಹಿಡಿದು ಕಾಯಿಸಿ ನೆಟ್ಟಗೆ ಮಾಡಿದರೆ ನೋಡೋಕೆ ಅದೇ ಥರ ಇರುತ್ತೆ. ಆದರೆ ಪಿಲ್ಲರ್ ಕಡೆ ಬಳಸೋ ಗಟ್ಟಿ ಉಕ್ಕು ಕಾಯಿಸಿದರೆ ತನ್ನ ಬಲ ಕಳೆದುಕೊಳ್ಳುತ್ತೆ. ಮತ್ತೆ ಡಿಕ್ಕಿ ಆದರೆ ಅದು ಎಲ್ಲಿ ಮಡಚುತ್ತೆ ಅಂತ ಯಾರೂ ಹೇಳೋಕಾಗಲ್ಲ.

ನೀರಿಗೆ ಬಿದ್ದ ಗಾಡಿ ಇನ್ನೊಂದು ಥರ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಹತ್ತಿರ ಹೆದ್ದಾರಿಯೇ ಕೆರೆ ಆಗಿದ್ದು ನಿಮಗೆ ನೆನಪಿರಬಹುದು. ಮುಂದಿನ ವಾರವೇ ಬೆಂಗಳೂರಿನ ಔಟರ್ ರಿಂಗ್ ರೋಡ್, ಯಮಲೂರು ಕಡೆ ಐಷಾರಾಮಿ ಕಾರುಗಳು ಬೇಸ್‌ಮೆಂಟಿನಲ್ಲಿ ಮುಳುಗಿದವು. ಆಮೇಲೆ ಕೆಲವು ತಿಂಗಳಿಗೆ ನನ್ನ ಸಹೋದ್ಯೋಗಿಯೊಬ್ಬರು ನೀರು ಕಂಡ ಒಂದು ಸೆಡಾನ್ ಅಗ್ಗಕ್ಕೆ ತಗೊಂಡರು. ಐದು ತಿಂಗಳು ಗಾಡಿ ಬೆಣ್ಣೆ ಥರ ಓಡ್ತು. ಆರನೇ ತಿಂಗಳು ಎಕ್ಸ್‌ಪ್ರೆಸ್‌ವೇನಲ್ಲಿ ನಿಡಘಟ್ಟ ದಾಟಿದ ಮೇಲೆ, ಜಡಿಮಳೆಯಲ್ಲಿ, ಮೀಟರಿನ ದೀಪಗಳೆಲ್ಲ ಒಟ್ಟಿಗೆ ಹತ್ತಿ ಎಂಜಿನ್ ಆಫ್ ಆಯ್ತು. ಸ್ಟೀರಿಂಗ್ ಕಲ್ಲಾಯ್ತು. ಹಿಂದೆ ಲಾರಿ. ಹೇಗೋ ಎಳೆದು ಪಕ್ಕಕ್ಕೆ ಹಾಕಿದರಂತೆ. ಕಾರಣ ಹುಡುಕಿದಾಗ ಸಿಕ್ಕಿದ್ದು ಕಾರ್ಪೆಟ್ ಕೆಳಗೆ ಹಸಿರು ಕಿಲುಬು ಹಿಡಿದ ಒಂದು ಕನೆಕ್ಟರ್. ಈಗಿನ ಕಾರಿನಲ್ಲಿ ಬ್ರೇಕು, ಎಂಜಿನ್ನು, ಸ್ಟೀರಿಂಗು ಎಲ್ಲ ಒಂದೇ ಜಾಲದಲ್ಲಿ ಮಾತಾಡ್ತವೆ. ಎಲ್ಲೋ ಒಂದು ಕಡೆ ಕಿಲುಬು ಹಿಡಿದರೆ ಎಲ್ಲವೂ ಮೂಕ.

118 ಕಿಲೋಮೀಟರಿನ ಈ ರಸ್ತೆಯನ್ನು 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದ್ದು ನಮ್ಮ ಮಂಡ್ಯದಲ್ಲೇ. ಅದೇ ಆಗಸ್ಟ್ 1ರಿಂದ ಮುಖ್ಯರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್ ಬರೋ ಹಾಗಿಲ್ಲ. ಕಾರಿಗೆ ಮಿತಿ ಗಂಟೆಗೆ 100. ಮೊದಲು ಮದ್ದೂರಿನ ಟ್ರಾಫಿಕ್ಕಲ್ಲಿ 30ರಲ್ಲಿ ಹೋಗ್ತಿದ್ದವರು ಈಗ ಎಲ್ಲರೂ 100ರಲ್ಲಿ ಹೋಗ್ತೀವಿ. 30ರಲ್ಲಿ ನಡೆದುಹೋಗ್ತಿದ್ದ ತೇಪೆ ಕೆಲಸ 100ರಲ್ಲಿ ನಡೆಯಲ್ಲ.

ಹಾಗಾದ್ರೆ ಯಾವಾಗಲೂ ಬೇಡವಾ?

ಹಾಗಂತ ನಾನು ಹೇಳಲ್ಲ. ಮದ್ದೂರಿನ ಆ ಹ್ಯಾಚ್‌ಬ್ಯಾಕ್ ಒಳ್ಳೆ ವ್ಯಾಪಾರವೇ. ಅದಕ್ಕೂ ಕೆಂಪು ಕಾರಿಗೂ ಇದ್ದ ವ್ಯತ್ಯಾಸ ಇಷ್ಟೇ: ಅದಕ್ಕೆ ಏನಾಯ್ತು ಅಂತ ಮಾಲೀಕರಿಗೆ ಪೂರ್ತಿ ಗೊತ್ತಿತ್ತು. ಏಟು ಚರ್ಮಕ್ಕೆ ಬಿದ್ದಿತ್ತು, ಮೂಳೆಗೆ ಬಿದ್ದಿರಲಿಲ್ಲ. ಮಾರಬೇಕು ಅನ್ನೋ ಯೋಚನೆ ಅವರಿಗಿರಲಿಲ್ಲ. ನೀವೂ ಇಂಥದ್ದಕ್ಕೆ ಕೈ ಹಾಕೋದಾದ್ರೆ ನನ್ನ ಸಲಹೆ ಇಷ್ಟು.

ಒಂದು, ಡೋರು, ಬಂಪರು, ಫೆಂಡರು, ಲೈಟು ಹೋಗಿದ್ದರೆ ಯೋಚಿಸಿ. ಚಾಸಿಸ್ಸು, ಪಿಲ್ಲರ್ರು, ಏಪ್ರನ್ನಿಗೆ ಏಟು ಬಿದ್ದಿದ್ದರೆ, ಏರ್‌ಬ್ಯಾಗ್ ಸಿಡಿದಿದ್ದರೆ, ನೀರು ಕಂಡಿದ್ದರೆ ಬಿಟ್ಟುಬಿಡಿ.

ಎರಡು, ಫೋಟೊ ನೋಡಿ ಹಣ ಕಟ್ಟಬೇಡಿ. ಹರಾಜಿನ ಗಾಡಿ "ಇದ್ದ ಹಾಗೇ, ಇದ್ದಲ್ಲೇ" ಅನ್ನೋ ಷರತ್ತಿನದ್ದು. ಆಮೇಲೆ ಕೇಳೋಕೆ ಯಾರೂ ಇರಲ್ಲ. ನಿಮಗೆ ಗೊತ್ತಿರೋ ಮೆಕ್ಯಾನಿಕ್ಕನ್ನ ಕರೆದುಕೊಂಡು ಹೋಗಿ, ಕವರ್ ಬಿಚ್ಚಿಸಿ ನೋಡಿ. ಬಿಚ್ಚೋಕೆ ಬಿಡಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಮೂರು, ರಿಪೇರಿಗೆ ಒಂದು ರೂಪಾಯಿ ಹಾಕೋ ಮುಂಚೆ ಕಾಗದ ನೋಡಿ. ಆರ್‌ಟಿಒದಿಂದ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಿ. ಸಾಲ ಬಾಕಿ ಇದೆಯಾ, ನೋಂದಣಿ ರದ್ದಾಗಿದೆಯಾ ಅಂತ ನೋಡಿ. ಚಾಸಿಸ್ ನಂಬರನ್ನು ಗಾಡಿಯ ಮೇಲೆ ಮುಟ್ಟಿ ಹೋಲಿಸಿ. ಆರ್‌ಸಿ ನಿಮ್ಮ ಹೆಸರಿಗೆ ಆಗಲಿ. ಇನ್ಶೂರೆನ್ಸ್ ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಹಾಕಿ. ಗಾಡಿ ಮಾರಿದವರಿಗೂ ಒಂದು ಮಾತು: ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಟೋಟಲ್ ಲಾಸ್ ಗಾಡಿ ಕೊಟ್ಟು ಕೈತೊಳೆದುಕೊಂಡೆ ಅಂದುಕೊಂಡವರ ಹೆಸರಲ್ಲೇ ಅದು ಇನ್ನೂ ಓಡಾಡ್ತಿರಬಹುದು.

ನಾಲ್ಕು, "ಹೇಗೂ ಬಿಚ್ಚಿದ್ದೀವಿ, ದೊಡ್ಡ ಎಂಜಿನ್ ಕೂರಿಸೋಣ" ಅನ್ನೋ ಆಸೆ ಬರುತ್ತೆ. ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಎಂಜಿನ್ ಬದಲಿಸಬೇಕಾದರೂ ಆರ್‌ಟಿಒ ಅನುಮತಿ ಬೇಕು.

ಐದು, ಸುರಕ್ಷತೆಯ ಸಾಮಾನೆಲ್ಲ ಹೊಸದಾಗಿ ಹಾಕೋ ಲೆಕ್ಕ ಬರೆಯಿರಿ. ಆ ಮೇಲೂ ಉಳಿತಾಯ ಇದ್ದರೆ ಮಾತ್ರ ಅದು ಉಳಿತಾಯ.

ಅಪ್ಪನ ಸುಳಿ

ಅವತ್ತು ಸಂಜೆ ಮಳವಳ್ಳಿಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. ಅಪ್ಪ ಮುಡುಕುತೊರೆ ಜಾತ್ರೆಯಲ್ಲಿ ಎತ್ತು ಕೊಳ್ತಿದ್ದ ಕಾಲದ ಮಾತು ತೆಗೆದರು. ಹಲ್ಲು ನೋಡ್ತಿದ್ದರಂತೆ, ಸುಳಿ ನೋಡ್ತಿದ್ದರಂತೆ, ನಡೆಸಿ ನೋಡ್ತಿದ್ದರಂತೆ. ಟವೆಲ್ ಒಳಗೆ ಬೆರಳು ಹಿಡಿದು ಬೆಲೆ ಕೂಡಿಸೋದು ಎಲ್ಲಕ್ಕಿಂತ ಕೊನೆಗೆ.

"ನೀನು ಮೊದ್ಲು ಬೆಲೆ ಕೇಳ್ದೆ, ಆಮ್ಯಾಕೆ ಹಲ್ಲು ನೋಡೋಕೋದೆ. ಅದೇ ಆಗಿದ್ದು," ಅಂದರು.

ಡೀಲರಿಗೆ ಕೊಟ್ಟಿದ್ದ ಹದಿನೈದು ಸಾವಿರ ಟೋಕನ್ ವಾಪಸ್ ಬರಲಿಲ್ಲ. ಟೀಗೆ ಬಂದ ಮಾವ ಅದನ್ನ "ಟ್ಯೂಷನ್ ಫೀಜು" ಅಂತ ಕರೆದರು. ಆ ರೆಸಿಸ್ಟರ್ ಹಾಕಿದ ಕಾರು ನನ್ನ ಹತ್ತಿರ ಉಳಿಯಲಿಲ್ಲ, ಅದಕ್ಕೆ ಸಮಾಧಾನ. ಆದರೆ ಅದು ಎಲ್ಲೋ ಇದೆಯಲ್ಲ, ಯಾರೋ ಕೊಳ್ತಾರಲ್ಲ ಅನ್ನೋದು ಇವತ್ತಿಗೂ ಚುಚ್ಚುತ್ತೆ. ಈ ಅಂಕಣ ಬರೆದದ್ದೂ ಅದಕ್ಕೇ. ಡೀಲರಿಗೆ ಫೋನ್ ಮಾಡಿ, ಬ್ಯಾಗ್ ಇಲ್ಲ ಅನ್ನೋದನ್ನ ಕೊಳ್ಳೋರಿಗೆ ಹೇಳಿ ಅಂತ ಕೇಳಿಕೊಂಡೆ. "ಆಯ್ತು ಸಾರ್" ಅಂದ. ಅಷ್ಟು ಬಿಟ್ಟರೆ ನನ್ನ ಕೈಲಿ ಬೇರೇನೂ ಇರಲಿಲ್ಲ.

ಡ್ರಿಪ್ ಕೆಲಸ ಶುರುವಾಗಿದೆ. ಗಾಡಿ ಬಿಚ್ಚಿ ಕೂರಿಸೋ ಆಸೆ ಮಾತ್ರ ಹೋಗಲಿಲ್ಲ. ಕೊಟ್ಟಿಗೆಯಲ್ಲಿ ಅಪ್ಪನ ಯೆಜ್ಡಿ ಇದೆ, ನಾನು ಹುಟ್ಟೋಕೂ ಮುಂಚಿನದು, ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಆದದ್ದು. ಆ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಮಾಡಿಸಬೇಕು, ಅದು ಬಾಕಿ ಇದೆ. ಇದೂ ಲೆಕ್ಕದಲ್ಲಿ ನೋಡಿದರೆ ಟೋಟಲ್ ಲಾಸೇ. ಹಾಕಿದಷ್ಟು ದುಡ್ಡು ವಾಪಸ್ ಬರಲ್ಲ. ಆದರೆ ಟ್ಯಾಂಕಿನ ಎಡಗಡೆ ಇರೋ ಗುಂಡಿ ಯಾವ ತಿರುವಿನಲ್ಲಿ ಬಿತ್ತು, ಬೀಳಿಸಿದ್ದು ಯಾರು ಅಂತ ನಮಗೆ ಗೊತ್ತು. ಬೀಳಿಸಿದ್ದು ಚಿಕ್ಕಪ್ಪ. ಇವತ್ತಿಗೂ ಒಪ್ಪಿಕೊಂಡಿಲ್ಲ.

ಹೋದ ಭಾನುವಾರ ಕಾರ್ಬುರೇಟರ್ ಬಿಚ್ಚಿದೆ. ಅಪ್ಪ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಬಿಚ್ಚಿದ್ದು ನಾನು, ಬಾಯಲ್ಲಿ ಬೈದು ಕೂರಿಸಿದ್ದು ಅವರು. ಇನ್ನೂ ಸ್ಟಾರ್ಟ್ ಆಗಿಲ್ಲ.

ನಿಮ್ಮ ಫೋನಿಗೂ ಯಾವತ್ತಾದರೂ ಅಂಥ ಫೋಟೊ ಬಂದೇ ಬರುತ್ತೆ. ಬಂದಾಗ ಬೆಲೆ ಆಮೇಲೆ ಕೇಳಿ. ಪಕ್ಕದ ಸೀಟಲ್ಲಿ ಯಾರು ಕೂರ್ತಾರೆ ಅಂತ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಮುಂದಿನ ಸಲ ಸಿಗೋಣ.